ದ್ವೀಪದ ಕಲ್ಲು, ಕಾರ್ಖಾನೆಯ ಹಂಚು

ರಜೆಯ ಪ್ರವಾಸಕ್ಕೆ ಹೊರಟ ಬಾಲಿಕೆಯರಿಗೆ ಕಾರ್ಖಾನೆಯನ್ನು ತೋರಿಸುವುದೇಕೆಂದು ತೆಂಗಳಿಯ ಕಡೆಯ ಕೆಲವು ಪೋಷಕರು ನಮ್ಮನ್ನು ಕೇಳಿರುತ್ತಾರೆ. ಸಮುದ್ರವನ್ನೂ ದ್ವೀಪವನ್ನೂ ಕಂಡು ಬಂದರೆ ಸಾಲದೇ ಎಂಬುದು ಅವರ ಅಭಿಪ್ರಾಯ. ಪ್ರಶ್ನೆಯು ಯೋಗ್ಯವಾದುದೇ. ಪ್ರವಾಸದಲ್ಲಿ ಕಂಡ ವಿಷಯಗಳಿಂದಲೇ ಅದಕ್ಕೆ ಉತ್ತರ ಕೊಡಬಯಸುತ್ತೇವೆ.

ಉಡುಪಿಗೆ ಸಮೀಪದ ಮಲ್ಪೆಯಿಂದ ದೋಣಿಯನ್ನೇರಿ ಸೇಂಟ್ ಮೇರಿ ದ್ವೀಪವನ್ನು ಸೇರಬಹುದು. ಅಲ್ಲಿ ತೆಂಗಿನ ಮರಗಳ ಬಳಿ ಕಲ್ಲಿನ ಕಂಬಗಳು, ಶಿಲ್ಪಿಯು ಕಡೆದು ನಿಲ್ಲಿಸಿದಂತೆ, ಒತ್ತೊತ್ತಾಗಿ ನಿಂತಿವೆ. ಇವು ಮನುಷ್ಯರ ಕೈಗೆಲಸವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದಲ್ಲಿ, ಭೂಗರ್ಭದಿಂದ ಹೊರಬಿದ್ದ ಶಿಲಾರಸವು ಆರುತ್ತ ಕುಗ್ಗಿತು, ಕುಗ್ಗಿದಂತೆ ಬಿರಿಯಿತು, ಆ ಬಿರುಕುಗಳೇ ಕಂಬಗಳನ್ನು ಬೇರ್ಪಡಿಸಿದವು.

ಕುಗ್ಗಿದ ವಸ್ತುವು ಬಿರಿಯುವುದೆಂಬ ಈ ನಿಯಮವನ್ನು ಮನುಷ್ಯನು ಹೇಗೆ ಗೆಲ್ಲುತ್ತಾನೆಂಬುದನ್ನು ಹಂಚಿನ ಕಾರ್ಖಾನೆಯಲ್ಲಿ ನೋಡಬೇಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತಮ್ಮ ಮೊದಲನೆಯ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಮೂಲಪುರುಷರು. ಮುಂದೆ 1886ರಲ್ಲಿ ಮಲ್ಪೆಯಲ್ಲಿಯೂ ಒಂದು ಕಾರ್ಖಾನೆಯಾಯಿತು. ಮತಾಂತರದಿಂದ ಕುಲಕಸುಬನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡ ಬಡವರಿಗೆ ಮರ್ಯಾದೆಯ ಜೀವನೋಪಾಯವನ್ನು ಒದಗಿಸುವುದು ಈ ಉದ್ಯಮದ ಉದ್ದೇಶಗಳಲ್ಲೊಂದಾಗಿತ್ತು.

ಮಂಗಳೂರಿನ ಕಡೆ ಇಂದಿಗೂ ನಡೆಯುತ್ತಿರುವ ಒಂದು ಕಾರ್ಖಾನೆಯನ್ನು ನಾವು ಸಂದರ್ಶಿಸಿದೆವು. ಹೊಳೆಯ ಬಯಲಿನಿಂದ ತಂದ ಜೇಡಿಮಣ್ಣನ್ನು ಹದವಾಗಿ ನೆನೆಸಿ, ಯಂತ್ರದಲ್ಲಿ ನಾದಿ, ಹಲಗೆಯಂತೆ ತುಂಡರಿಸಿ, ಅಚ್ಚಿನ ನಡುವೆ ಒತ್ತುತ್ತಾರೆ. ಒಂದರ ಅಂಚು ಮತ್ತೊಂದರ ಗಾಡಿಯಲ್ಲಿ ಕೂಡುವುದರಿಂದ ಮಳೆಯ ನೀರು ಒಳಗಿಳಿಯದು. ಹಸಿ ಹಂಚನ್ನು ಕೂಡಲೆ ಬಿಸಿಲಿಗಿಡುವುದಿಲ್ಲ. ಹೊರಮೈ ಬೇಗನೆ ಒಣಗಿ ಒಳಗಿನ ತೇವವು ಉಳಿದರೆ, ಎರಡೂ ಒಂದೇ ಸಮನಾಗಿ ಕುಗ್ಗದೆ ಹಂಚು ಸೊಟ್ಟಾಗುವುದು, ಇಲ್ಲವೆ ಬಿರಿಯುವುದು. ಆದಕಾರಣ ನೆರಳಿನಲ್ಲಿ ಹಲವು ದಿನ ಒಣಗಿಸಿ ಅನಂತರವೇ ಭಟ್ಟಿಗೆ ತುಂಬುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಬೆಂಕಿಯಲ್ಲಿ ಕೆಂಪೇರುತ್ತದೆ. ಚೆನ್ನಾಗಿ ಬೆಂದ ಹಂಚನ್ನು ಬೆರಳಿನಿಂದ ತಟ್ಟಿದರೆ ಕಂಚಿನಂತೆ ನಾದ ಕೊಡುವುದು. ಬಿರುಕಿದ್ದರೆ ಧ್ವನಿಯು ಒಡಕು. ಅಲ್ಲಿ ಹಂಚುಗಳನ್ನು ಎತ್ತುವವರಲ್ಲಿಯೂ ಜೋಡಿಸುವವರಲ್ಲಿಯೂ ಬಹುಮಂದಿ ಸ್ತ್ರೀಯರೇ. ನಮ್ಮ ಬಾಲಿಕೆಯರು ಯಂತ್ರಕ್ಕಿಂತ ಹೆಚ್ಚಾಗಿ ಅವರ ಕೈಗಳನ್ನೇ ನೋಡುತ್ತಿದ್ದರು.

ಇಂತಹ ಅನೇಕ ಕಾರ್ಖಾನೆಗಳು ಈಗ ಮುಚ್ಚಿಹೋಗಿವೆ. ಕಾಂಕ್ರೀಟಿನ ಮಾಳಿಗೆಯು ಹಂಚಿನ ಮಾಡಿನ ಸ್ಥಾನವನ್ನು ಆಕ್ರಮಿಸಿದುದು ಇದಕ್ಕೆ ಮುಖ್ಯ ಕಾರಣ. ಆ ಕಾಂಕ್ರೀಟಿಗೆ ಬೇಕಾದ ಸಿಮೆಂಟಾದರೋ ನಮ್ಮ ವಾಡಿ, ಸೇಡಂಗಳಂತಹ ಊರುಗಳಲ್ಲಿಯೇ ತಯಾರಾಗುತ್ತದೆ. ಒಂದು ಊರಿಗೆ ಅನ್ನವಾದುದು ಮತ್ತೊಂದು ಊರಿನ ಒಲೆಯನ್ನು ಆರಿಸಬಲ್ಲುದೆಂಬುದನ್ನು ನಮ್ಮ ಬಾಲಿಕೆಯರು ಪುಸ್ತಕದಿಂದಲ್ಲ, ಆ ಭಟ್ಟಿಯ ಬಾಗಿಲಲ್ಲಿ ತಿಳಿದರು.

ನಮ್ಮ ಕಡೆಯ ಸುಣ್ಣಕಲ್ಲೂ ಶಹಾಬಾದಿನ ಪರಸಿಯೂ ಪುರಾತನ ಸಮುದ್ರದ ತಳದಲ್ಲಿ ನೆಲೆಗೊಂಡವುಗಳೇ. ಆ ಸುಣ್ಣಕಲ್ಲನ್ನು ಜೇಡಿಯ ಅಂಶದೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಿ, ಅರೆದು, ಸಿಮೆಂಟನ್ನು ಮಾಡುತ್ತಾರೆ. ಮನೆಯ ಮುಂದೆ ಆ ಧೂಳನ್ನು ಗುಡಿಸುವ ಮಗಳು ಅದು ಎಲ್ಲಿಂದ, ಯಾರ ಶ್ರಮದಿಂದ ಬಂದಿತೆಂಬುದನ್ನು ಅರಿಯಬಾರದೇ? ಮುಂದಿನ ಸಂದರ್ಶನವು ನಮ್ಮ ನೆರೆಯ ಕಾರ್ಖಾನೆಗೇ ಆಗಲೆಂದು ನಮ್ಮ ಆಶೆ. ಅಂತಹ ಸ್ಥಳಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ನಮಗೆ ನೆರವಾಗಬೇಕು. ತಂದೆತಾಯಂದಿರು ಅನುಮತಿಯ ಚೀಟಿಗೆ ಸಂತೋಷದಿಂದ ರುಜು ಹಾಕಬೇಕೆಂದು ವಿನಂತಿಸುತ್ತೇವೆ.