ನಗರದಂಚಿನ ಬೀದಿನುಡಿ ರಾಷ್ಟ್ರದ ದಾಖಲೆಯಾದ ಬಗೆ

ನಮ್ಮ ಮನೆಗಳ ಹದಿಹರೆಯದವರು ಮೊಬೈಲಿನಲ್ಲಿ ರ‍್ಯಾಪ್ ಆಲಿಸುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಅದರ ಒರಟು ಶಾಖೆಯೇ ಹಾರ್ಡ್‌ಕೋರ್ ಹಿಪ್ ಹಾಪ್. ಅದನ್ನು ಅರಿಯಲು ವು-ಟ್ಯಾಂಗ್ ಕ್ಲ್ಯಾನ್ ತಂಡದ ಮೊದಲ ಆಲ್ಬಂ ‘ಎಂಟರ್ ದ ವು-ಟ್ಯಾಂಗ್ (36 ಚೇಂಬರ್ಸ್)’ ಉತ್ತಮ ನಿದರ್ಶನ. ಅದು ಹೊರಬಂದುದು 1993ರ ನವೆಂಬರಿನಲ್ಲಿ.

ತಂಡದ ನೆಲೆ ನ್ಯೂಯಾರ್ಕ್ ನಗರದ ಅಂಚಿನಲ್ಲಿರುವ ಸ್ಟೇಟನ್ ಐಲೆಂಡ್. ಒಂಬತ್ತು ಮಂದಿ ಯುವಕರ ಈ ಬಳಗದ ಸಂಗೀತವನ್ನು ಹೆಣೆದವರು ರಿಝಾ. ಹಳೆಯ ಸೋಲ್ ಹಾಡುಗಳ ತುಣುಕುಗಳಿಗೆ ಅವರು ಕುಂಗ್‌ಫು ಚಲನಚಿತ್ರಗಳ ಸಂಭಾಷಣೆಯನ್ನು ಬೆಸೆದರು. ಆಲ್ಬಮ್ಮಿನ ಹೆಸರಿಗೂ ಶಾವೊಲಿನ್ ಮಠವನ್ನು ಕುರಿತ 1978ರ ಹಾಂಗ್‌ಕಾಂಗ್ ಚಿತ್ರವೊಂದು ಮೂಲ. ತಮ್ಮ ದ್ವೀಪವನ್ನೂ ಅವರು ‘ಶಾವೊಲಿನ್’ ಎಂದೇ ಕರೆದುಕೊಂಡರು.

ಧ್ವನಿಮುದ್ರಣದಲ್ಲಿ ನಯವಿಲ್ಲ, ಮಾತಿನಲ್ಲಿಯೂ ಇಲ್ಲ. ‘ಕ್ರೀಮ್’ ಎಂಬ ಹಾಡು ಬಡತನ, ಅಪರಾಧ, ಸೆರೆವಾಸಗಳನ್ನು ಬೀದಿಯ ಆಡುನುಡಿಯಲ್ಲಿಯೇ ನಿರೂಪಿಸುತ್ತದೆ. ಬೈಗುಳ, ಹಿಂಸೆಯ ವರ್ಣನೆಗಳು ಧಾರಾಳವಾಗಿರುವುದರಿಂದ ಇದು ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ದೊಡ್ಡ ಮಕ್ಕಳು ಕೇಳುವುದಾದರೆ ಆ ಮಾತುಗಳ ಹಿಂದಿನ ಬದುಕನ್ನು ಹಿರಿಯರು ತಿಳಿಸಿಕೊಡುವುದು ಲೇಸು.

ಇದೇ ಆಲ್ಬಮ್ಮನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2022ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿತು. ಶಾಲೆಯ ಪುಸ್ತಕದಲ್ಲಿಲ್ಲದ ನುಡಿಯೊಂದು ಹೀಗೆ ನಾಡಿನ ಸಂಪತ್ತೆನಿಸಿತು. ಪಠ್ಯದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಅಂತರವಿರುವ ಗಡಿನಾಡಿನಲ್ಲಿ, ಮನೆಮಾತನ್ನಾಡಲು ನಾಚುವ ಮಕ್ಕಳಿಗೆ ನಾವು ಹೇಳಬೇಕಾದ ಸಂಗತಿಯಿದು: ಬರಹಕ್ಕೆ ಪಠ್ಯದ ನುಡಿಯನ್ನು ಕಲಿಯೋಣ, ಅದಕ್ಕಾಗಿ ಮನೆಯ ನುಡಿಯನ್ನು ಬಿಟ್ಟುಕೊಡಬೇಕಾಗಿಲ್ಲ.