ಮೇಷ್ಟ್ರು ಬ್ಯಾಂಡ್ ಬಿಡಲಿಲ್ಲ

ಹಗಲು ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ, ಸಂಜೆಯಾದರೆ ಗೆಳೆಯರ ಜೊತೆ ನೆಲಮಾಳಿಗೆಯಲ್ಲಿ ಗಿಟಾರ್. ಅಮೆರಿಕದ ರಾಬರ್ಟ್ ಪೊಲಾರ್ಡ್‌ನ ದಿನಚರಿ ಎಷ್ಟೋ ವರ್ಷ ಹೀಗೇ ಇತ್ತು. ಆತ ಹದಿನಾಲ್ಕು ವರ್ಷ ಶಾಲಾ ಮೇಷ್ಟ್ರು. ಆತನ ಬ್ಯಾಂಡಿನ ಹೆಸರು 'ಗೈಡೆಡ್ ಬೈ ವಾಯ್ಸಸ್'. ಅಭಿಮಾನಿಗಳ ಬಾಯಲ್ಲಿ ಅದು ಬರೀ 'ಜಿಬಿವಿ'.

ನಾನೂ ಮೇಷ್ಟ್ರೇ. ಖಾಸಗಿ ಶಾಲೆಯೊಂದರಲ್ಲಿ ಮಗ್ಗಿ, ಕಾಪಿ ರೈಟಿಂಗ್, ಪೇರೆಂಟ್ಸ್ ಮೀಟಿಂಗ್ ಅಂತ ವಾರ ಕಳೆಯುತ್ತೆ. ಭಾನುವಾರ ಬಂತೆಂದರೆ ಬಾಗಿಲು ಹಾಕಿಕೊಂಡು, ನಾನೇ ಬರೆದ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತೀನಿ. ಇಪ್ಪತ್ತೆಂಟು ದಾಟಿದ ಮೇಲೆ ನೆಂಟರಿಷ್ಟರದ್ದೆಲ್ಲ ಒಂದೇ ಪ್ರಶ್ನೆ: 'ಇದರಿಂದ ಏನು ಬರುತ್ತೆ?' ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಪೊಲಾರ್ಡ್‌ನ ಕತೆ ಓದಿದ ಮೇಲೆ ಆ ಪ್ರಶ್ನೆಗೆ ಮೊದಲಿನಷ್ಟು ಹೆದರೋದಿಲ್ಲ.

ಚೆಂಡು ಬಿಟ್ಟು ಗಿಟಾರ್

ಪೊಲಾರ್ಡ್ ಹುಟ್ಟಿದ್ದು 1957ರಲ್ಲಿ, ಒಹಾಯೊ ರಾಜ್ಯದ ಡೇಟನ್‌ನಲ್ಲಿ. ವಿಮಾನ ಹಾರಿಸಿದ ರೈಟ್ ಸೋದರರ ಊರು ಅದು. ಅವರ ಹೆಸರಿನದೇ ವಿಶ್ವವಿದ್ಯಾಲಯದಲ್ಲಿ ಓದುವಾಗ ಆತ ಬೇಸ್‌ಬಾಲ್ ತಂಡದ ಪಿಚರ್. ಒಂದು ಪಂದ್ಯದಲ್ಲಂತೂ ಎದುರಾಳಿಗಳಿಗೆ ಒಂದೇ ಒಂದು 'ಹಿಟ್' ಕೊಡದೆ ಆಟ ಮುಗಿಸಿದ್ದ. ಬೇಸ್‌ಬಾಲ್‌ನಲ್ಲಿ ಇದು ಅಪರೂಪದ ಸಾಧನೆ. ಆದರೂ ಆತನ ಮನಸ್ಸಿದ್ದದ್ದು ಹಾಡಿನ ಮೇಲೆ.

1983ರಲ್ಲಿ ಬ್ಯಾಂಡ್ ಶುರುವಾಯಿತು. ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದೆ, ಸ್ವಂತ ದುಡ್ಡಿನಲ್ಲೋ ಸಣ್ಣ ಸಂಸ್ಥೆಗಳ ನೆರವಿನಲ್ಲೋ ಹಾಡು ಹೊರತರುವ ಇಂಥವರನ್ನು 'ಇಂಡಿ' ಸಂಗೀತಗಾರರು ಅಂತಾರೆ. 1986ರಿಂದ ಜಿಬಿವಿಯ ರೆಕಾರ್ಡುಗಳು ಒಂದೊಂದಾಗಿ ಬಂದವು. ಅಚ್ಚು ಹಾಕಿಸಿದ್ದು ಕೆಲವೇ ನೂರು ಪ್ರತಿ. ಊರಿನಾಚೆ ಕೇಳಿದವರು ಬಹಳ ಕಡಿಮೆ. ಮೇಷ್ಟ್ರ ಸಂಬಳ ಕರಗುತ್ತಿತ್ತು, ವಯಸ್ಸು ಮೂವತ್ತು ದಾಟಿತ್ತು.

ಕೊನೆಗೆ ಪೊಲಾರ್ಡ್ ಸಾಕು ಅಂದುಕೊಂಡ. 1992ರ 'ಪ್ರೊಪೆಲ್ಲರ್' ತನ್ನ ಕಡೆಯ ರೆಕಾರ್ಡ್, ಆಮೇಲೆ ಬ್ಯಾಂಡ್ ಬಂದ್ ಅಂತ ತೀರ್ಮಾನಿಸಿದ. ಮಾಡಿಸಿದ್ದು 500 ಪ್ರತಿ. ಮುಖಪುಟ ಪ್ರಿಂಟ್ ಮಾಡಿಸಲು ಹೋಗದೆ ಗೆಳೆಯರೆಲ್ಲ ಕೂತು ಬಣ್ಣ ಬಳಿದು, ಚಿತ್ರ ಅಂಟಿಸಿ, ಒಂದೊಂದಕ್ಕೂ ಬೇರೆ ಬೇರೆ ಮುಖಪುಟ ಮಾಡಿದರು. ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ಈ ರೆಕಾರ್ಡ್ ಶುರುವಾಗೋದೇ 'ಜಿ-ಬಿ-ವಿ, ಜಿ-ಬಿ-ವಿ' ಎಂಬ ಜನಸ್ತೋಮದ ಕೂಗಿನಿಂದ. ಆದರೆ ಅಲ್ಲಿ ಜನಸ್ತೋಮ ಎಲ್ಲಿತ್ತು? ಹಾಗೆ ಕೂಗಿಕೊಂಡದ್ದು ಬ್ಯಾಂಡಿನವರೇ! ಕೇಳುವವರಿಲ್ಲದ ಬ್ಯಾಂಡು ತನಗೆ ತಾನೇ ಜೈಕಾರ ಹಾಕಿಕೊಂಡು ವಿದಾಯ ಹೇಳಲು ಹೊರಟಿತ್ತು.

ಬಿಡಬೇಕೆಂದಾಗ ಬಂದ ಕರೆ

ಆ 500ರಲ್ಲಿ ಕೆಲವು ಪ್ರತಿಗಳು ಸರಿಯಾದ ಕಿವಿಗಳಿಗೆ ತಲುಪಿದವು. ಒಹಾಯೊದ್ದೇ 'ಸ್ಕ್ಯಾಟ್' ಎಂಬ ಸಣ್ಣ ಸಂಸ್ಥೆ ಕರೆಯಿತು. ವರ್ಷಗಳಿಂದ ವೇದಿಕೆ ಹತ್ತದಿದ್ದ ಬ್ಯಾಂಡ್ 1993ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ 'ಸಿಬಿಜಿಬಿ' ಕ್ಲಬ್‌ನಲ್ಲಿ ನುಡಿಸಿತು. ಮರುವರ್ಷ ಬಂತು 'ಬೀ ಥೌಸಂಡ್'. ಸುಮಾರು 36 ನಿಮಿಷದಲ್ಲಿ 20 ಹಾಡು! ಕೆಲವು ಹಾಡುಗಳು ಒಂದೂವರೆ ನಿಮಿಷವೂ ಇಲ್ಲ. ಹೆಚ್ಚಿನದನ್ನು ಗ್ಯಾರೇಜ್, ನೆಲಮಾಳಿಗೆಗಳಲ್ಲಿ ನಾಲ್ಕೇ ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದರು. ಟೇಪಿನ ಬುಸ್ ಸದ್ದು, ತಪ್ಪಿದ ತಾಳ ಎಲ್ಲವೂ ಹಾಗೇ ಉಳಿದಿವೆ. ಆದರೂ ರಾಗ ಮಾತ್ರ ಒಮ್ಮೆ ಕೇಳಿದರೆ ತಲೆಯಿಂದ ಇಳಿಯಲ್ಲ. ಇವತ್ತಿಗೂ ಇಂಡಿ ರಾಕ್‌ನ ಮುಖ್ಯ ಆಲ್ಬಂಗಳ ಮಾತು ಬಂದರೆ ಇದರ ಹೆಸರು ಬರುತ್ತೆ.

ಪೊಲಾರ್ಡ್ ಶಾಲೆ ಬಿಟ್ಟದ್ದು ಆ ಹೊತ್ತಿಗೆ, 36ರ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ನಿಂತಿದ್ದೇ ಇಲ್ಲ. 2004ರಲ್ಲಿ ಬ್ಯಾಂಡ್ ಮುರಿಯಿತು, 2010ರಲ್ಲಿ ಮತ್ತೆ ಕೂಡಿತು. ಬೇರೆ ಬೇರೆ ಹೆಸರಿನಲ್ಲಿ ತಂದದ್ದನ್ನೂ ಸೇರಿಸಿದರೆ 2017ರಲ್ಲಿ ಬಂದದ್ದು ಆತನ ನೂರನೇ ಸ್ಟುಡಿಯೊ ಆಲ್ಬಂ. ಆಮೇಲಿನ ಕಛೇರಿಗಳಲ್ಲಿ 'ಜಿ-ಬಿ-ವಿ' ಅಂತ ಕೂಗಿದ್ದು ನಿಜವಾದ ಜನ.

'ಕೆಲಸ ಬಿಡು, ಕನಸಿನ ಬೆನ್ನು ಹತ್ತು' ಅಂತ ಹೇಳುವ ವಿಡಿಯೊಗಳು ದಿನಕ್ಕೆ ಹತ್ತು ಸಿಗುತ್ತವೆ. ಪೊಲಾರ್ಡ್ ಹಾಗೆ ಮಾಡಲಿಲ್ಲ. ಆ ಐದು ಆಲ್ಬಂಗಳ ಹಿಂದೆ ಮೇಷ್ಟ್ರ ಸಂಬಳ ಇತ್ತು. ಸ್ಟುಡಿಯೊ ಇಲ್ಲ ಅಂತ ಕಾಯಲಿಲ್ಲ, ಇದ್ದ ಯಂತ್ರದಲ್ಲೇ ಹಾಡಿದ. ಆ ಪ್ರತಿಗಳು ಯಾರ ಕೈಗೂ ಸೇರದೆ ಹೋಗಿದ್ದರೆ? ಆಗಲೂ ಆ ಹಾಡುಗಳು ಇಷ್ಟೇ ಚೆನ್ನಾಗಿರುತ್ತಿದ್ದವು, ಕೇಳಿದವರು ಡೇಟನ್ನಿನ ನಾಲ್ಕು ಜನ ಆಗಿರುತ್ತಿದ್ದರು, ಅಷ್ಟೆ. ಅದೃಷ್ಟ ಎಲ್ಲರಿಗೂ ಬರಲ್ಲ, ನನಗೆ ಬರುತ್ತೆ ಅಂತಲೂ ಹೇಳಲಾರೆ. ಆದರೆ ಬಂದಾಗ ಕೊಡಲು ಕೈಯಲ್ಲಿ ಹಾಡುಗಳಂತೂ ಇರಬೇಕಲ್ಲ?

ನನ್ನ ಮೊಬೈಲಿನಲ್ಲಿ ಸದ್ಯಕ್ಕೆ ಹನ್ನೊಂದು ಹಾಡಿವೆ. ಎಲ್ಲದರಲ್ಲೂ ಫ್ಯಾನಿನ ಸದ್ದು, ಎರಡರಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ. ಮೊದಲೆಲ್ಲ ಅದಕ್ಕೇ ಯಾರಿಗೂ ಕಳಿಸುತ್ತಿರಲಿಲ್ಲ. ಕಳೆದ ವಾರ ಮೂವರು ಗೆಳೆಯರಿಗೆ ಕಳಿಸಿದೆ. ಒಬ್ಬ ಕೇಳಿ, 'ಇನ್ನೊಂದು ಇದೆಯಾ?' ಅಂದ.