ಆರುತ್ತಿರುವ ಬಣ್ಣದ ಬೆಳಕು

ಹಾಂಗ್‌ಕಾಂಗ್ ನಗರದ ಕೌಲೂನ್ ಭಾಗದಲ್ಲಿ ನೇಥನ್ ರಸ್ತೆಯೆಂಬ ದೊಡ್ಡ ಬೀದಿಯೊಂದಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಜೆಯಾಯಿತೆಂದರೆ ಆ ಬೀದಿಯ ನೆತ್ತಿಯ ಮೇಲೆ ನಕ್ಷತ್ರಗಳಿಗೆ ಎಡೆಯಿರಲಿಲ್ಲ. ಎರಡೂ ಬದಿಯ ಕಟ್ಟಡಗಳಿಂದ ಚಾಚಿಕೊಂಡಿದ್ದ ಅಂಗಡಿಗಳ ಫಲಕಗಳು ಕೆಂಪು, ಹಸಿರು, ನೀಲಿ ಬಣ್ಣಗಳಲ್ಲಿ ಬೆಳಗುತ್ತಿದ್ದವು. ಇಂದು ಅವುಗಳಲ್ಲಿ ಬಹುಪಾಲು ಕಣ್ಮರೆಯಾಗಿವೆ.

ಈ ಬೆಳಕಿನ ಮೂಲ ನಾವು ಉಸಿರಾಡುವ ಗಾಳಿಯಲ್ಲಿಯೇ ಇದೆ. 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಹೊಸ ಅನಿಲವೊಂದನ್ನು ಬೇರ್ಪಡಿಸಿ, ಗ್ರೀಕ್ ಭಾಷೆಯಲ್ಲಿ ‘ಹೊಸತು’ ಎಂಬ ಅರ್ಥ ಕೊಡುವ ನಿಯಾನ್ ಎಂಬ ಹೆಸರಿಟ್ಟರು. 1910ರಲ್ಲಿ ಜಾರ್ಜ್ ಕ್ಲಾಡ್ ಪ್ಯಾರಿಸ್ಸಿನಲ್ಲಿ ಅದರ ದೀಪಗಳನ್ನು ಜನರೆದುರು ಬೆಳಗಿಸಿ ತೋರಿಸಿದನು.

ಫಲಕದ ತಯಾರಿಕೆ ಸಂಪೂರ್ಣವಾಗಿ ಕೈಕೆಲಸ. ಮೊದಲು ಲಿಪಿಕಾರನು ಕುಂಚದಿಂದ ಅಕ್ಷರಗಳನ್ನು ಬರೆದುಕೊಡುವನು. ಅವುಗಳ ಪೂರ್ಣ ಗಾತ್ರದ ನಕ್ಷೆಯನ್ನು ಮುಂದಿಟ್ಟುಕೊಂಡು, ಕುಶಲಕರ್ಮಿಯು ಗಾಜಿನ ಕೊಳವೆಯನ್ನು ಜ್ವಾಲೆಯಲ್ಲಿ ಮೆದುವಾಗಿಸಿ ಬಾಗಿಸುವನು. ಬಾಗುವ ಕಡೆ ಕೊಳವೆ ಕುಗ್ಗದಂತೆ ರಬ್ಬರಿನ ನಳಿಗೆಯ ಮೂಲಕ ಬಾಯಿಂದ ಗಾಳಿಯೂದುತ್ತಿರಬೇಕು. ಗಾಜು ಆರುವ ಮುನ್ನ ದೊರೆಯುವುದು ಕೆಲವೇ ಕ್ಷಣ. ಕೈ ತಪ್ಪಿದರೆ ಅಕ್ಷರವೂ ತಪ್ಪಿತು. ಬಳಿಕ ಒಳಗಿನ ಗಾಳಿಯನ್ನು ಹೊರತೆಗೆದು, ಸ್ವಲ್ಪ ಅನಿಲ ತುಂಬಿ, ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸುತ್ತಾರೆ. ಶುದ್ಧ ನಿಯಾನ್ ಕೊಡುವುದು ಕಿತ್ತಳೆ ಮಿಶ್ರಿತ ಕೆಂಪು ಬಣ್ಣವೊಂದನ್ನೇ. ನೀಲಿಗೆ ಆರ್ಗಾನ್ ಮತ್ತು ಪಾದರಸ ಬೇಕು. ಇತರ ಬಣ್ಣಗಳು ಕೊಳವೆಯ ಒಳಮೈಗೆ ಬಳಿದ ಪುಡಿಗಳಿಂದ ಬರುತ್ತವೆ. ಎಲ್ಲವನ್ನೂ ನಿಯಾನ್ ದೀಪವೆನ್ನುವುದು ಬರಿಯ ರೂಢಿ.

ಓದುಬಾರದವರಿಗೂ ಈ ಫಲಕಗಳು ಅರ್ಥವಾಗುತ್ತಿದ್ದವು. ಗಿರವಿ ಅಂಗಡಿಯ ಗುರುತು ನಾಣ್ಯವನ್ನು ಹಿಡಿದ ಬಾವಲಿ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನ ಒಂದು ಅಕ್ಷರಕ್ಕೂ ಭಾಗ್ಯವೆಂಬ ಪದಕ್ಕೂ ಉಚ್ಚಾರ ಒಂದೇ. ಬಾವಲಿಯನ್ನು ಅಪಶಕುನವೆಂದು ಬಗೆಯುವವರಿಗೆ ಇದು ಸೋಜಿಗವೇ ಸರಿ.

ಇವು ಅಳಿಯಲು ಕಾರಣಗಳಿಲ್ಲದಿಲ್ಲ. ಎಲ್‌ಇಡಿ ದೀಪಗಳಿಗೆ ವಿದ್ಯುತ್ತು ಕಡಿಮೆ ಸಾಕು. ಗಾಜು ಒಡೆಯುವ ಭಯವೂ ಇಲ್ಲ. ಅಲ್ಲದೆ ಹಳೆಯ ಫಲಕಗಳಲ್ಲಿ ಅನೇಕವು ಅನುಮತಿಯಿಲ್ಲದೆ ಕಟ್ಟಿದಂಥವು. ಚಂಡಮಾರುತಗಳು ಬೀಸುವ ಊರಿನಲ್ಲಿ ತುಕ್ಕು ಹಿಡಿದ ಭಾರವಾದ ಕಬ್ಬಿಣದ ಚೌಕಟ್ಟು ಪಾದಚಾರಿಗಳ ತಲೆಯ ಮೇಲೆ ತೂಗಾಡುತ್ತಿದ್ದರೆ ಸರ್ಕಾರ ಸುಮ್ಮನಿರಲಾದೀತೆ? 2013ರಲ್ಲಿ ಫಲಕಗಳ ತಪಾಸಣೆಯ ಯೋಜನೆಯೊಂದು ಜಾರಿಗೆ ಬಂದಿತು. ನಿಯಮಕ್ಕೆ ಒಗ್ಗದವನ್ನು ಇಳಿಸುವಂತೆ ಆಜ್ಞೆಗಳು ಹೊರಟವು. ಆಜ್ಞೆ ನ್ಯಾಯವಾದದ್ದೇ. ಆದರೆ ಇಳಿಸಿದ ಫಲಕದ ಸ್ಥಾನದಲ್ಲಿ ಮತ್ತೆ ಗಾಜಿನ ಫಲಕವನ್ನೇ ಏರಿಸಿದ ಅಂಗಡಿಗಳು ವಿರಳ. ಹೊಸ ಕೆಲಸ ಬಾರದೆ ಹಳೆಯ ಕುಶಲಕರ್ಮಿಗಳಿಗೆ ಶಿಷ್ಯರೂ ದೊರೆಯದಾದರು.

ನಗರದ ಪಶ್ಚಿಮ ಭಾಗದಲ್ಲಿ ಸ್ಯಾಮೀಸ್ ಕಿಚನ್ ಎಂಬ ಭೋಜನಗೃಹದ ಮುಂದೆ ಹಸುವಿನ ಆಕಾರದ ನಿಯಾನ್ ಫಲಕವೊಂದಿತ್ತು. 1970ರ ದಶಕದಿಂದ ಅದು ಅಲ್ಲಿನವರಿಗೆ ದಾರಿಗುರುತಾಗಿತ್ತು. 2015ರಲ್ಲಿ ಅದನ್ನು ಇಳಿಸಬೇಕಾಯಿತು. ಎಂ ಪ್ಲಸ್ ಎಂಬ ವಸ್ತುಸಂಗ್ರಹಾಲಯವು ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.